‘ಮಂಗೋಲ್’ ಸಿನಿಮಾದಲ್ಲಿ ಇಲ್ಲದ ಕಡಾಣಿ

ಇವತ್ತಿನ ಮಾತು 2007ರಲ್ಲಿ ಬಂದ ‘ಮಂಗೋಲ್’ ಅನ್ನೋ ಸಿನಿಮಾ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದರ ಹಿಂದಿರೋ ಇತಿಹಾಸದ ಬಗ್ಗೆ. ನಿರ್ದೇಶಕ ರಷ್ಯಾದ ಸೆರ್ಗೇ ಬೊದ್ರೊವ್. ಚೆಂಗಿಸ್ ಖಾನ್ ಆಗೋದಕ್ಕೆ ಮುಂಚಿನ ತೆಮುಜಿನ್ ಕಥೆ. ತೆಮುಜಿನ್ ಆಗಿ ಜಪಾನಿನ ತಾದಾನೊಬು ಅಸಾನೊ, ಅವನ ಗೆಳೆಯ ಜಮುಖಾ ಆಗಿ ಚೀನಾದ ಸುನ್ ಹೊಂಗ್‌ಲೈ, ಹೆಂಡತಿ ಬೋರ್ತೆಯಾಗಿ ಮಂಗೋಲಿಯಾದ ಖುಲಾನ್ ಚುಲೂನ್. ಮಾತು ಬಹುಪಾಲು ಮಂಗೋಲಿಯನ್ ಭಾಷೆಯಲ್ಲೇ. ಕಜಾಕಸ್ತಾನದ ಪರವಾಗಿ ಆಸ್ಕರ್‌ಗೆ ಹೋಗಿ ನಾಮಿನೇಟ್ ಕೂಡ ಆಯ್ತು. ಒಂದು ರಷ್ಯನ್ ಕೈಯಿಂದ ಇಂಥ ಸಿನಿಮಾ ಬಂದಿದ್ದೇ ವಿಶೇಷ. ಯಾಕಂದ್ರೆ ಸೋವಿಯತ್ ಕಾಲದಲ್ಲಿ ಮಂಗೋಲಿಯಾದೊಳಗೇ ಚೆಂಗಿಸ್ ಹೆಸರನ್ನ ಹೊಗಳೋ ಹಾಗಿರಲಿಲ್ಲ. 1962ರಲ್ಲಿ ಅವನ 800ನೇ ಜನ್ಮವರ್ಷ ಆಚರಿಸೋಕೆ ಮುಂದಾದ ತೊಮೊರ್-ಒಚಿರ್ ಅನ್ನೋ ದೊಡ್ಡ ಪಕ್ಷದ ನಾಯಕನೇ ಕುರ್ಚಿ ಕಳ್ಕೊಂಡ.

ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ. ‘ಖಾನ್’ ಅಂದ ತಕ್ಷಣ ಮುಸ್ಲಿಂ ದೊರೆ ಅಂತ ಅಂದ್ಕೊಳ್ಳೋರು ನಮ್ಮಲ್ಲಿ ಬಹಳ ಜನ. ಅದು ಹುಲ್ಲುಗಾವಲಿನ ಒಂದು ಪದವಿ, ಅಷ್ಟೇ. ತೆಮುಜಿನ್ ನಂಬಿದ್ದು ತೆಂಗ್ರಿಯನ್ನ, ಅಂದ್ರೆ ನೀಲಿ ಆಕಾಶವನ್ನ.

ಸಿನಿಮಾ ನನಗೆ ಇಷ್ಟ. ಕುದುರೆ, ಹಿಮ, ಬಯಲು, ಆ ಗಂಟಲ ಹಾಡು, ಎಲ್ಲ ಚೆನ್ನಾಗಿದೆ. ಆದ್ರೆ ಇಡೀ ಸಿನಿಮಾ ಒಂದು ಪ್ರಶ್ನೆಯ ಸುತ್ತ ಸುತ್ತಿ, ಅದಕ್ಕೆ ಉತ್ತರ ಕೊಡದೇ ಮುಗಿಯುತ್ತೆ. ತಲೆತಲಾಂತರದಿಂದ ಹೊಡೆದಾಡ್ತಿದ್ದ ಬುಡಕಟ್ಟುಗಳು 1206ರ ಹೊತ್ತಿಗೆ ಹೊಡೆದಾಟ ನಿಲ್ಲಿಸಿದ್ದು ಹೇಗೆ? ಸಿನಿಮಾ ಪ್ರಕಾರ ಒಂದು ದೊಡ್ಡ ಯುದ್ಧ, ಗುಡುಗು ಮಿಂಚು, ಎದುರಾಳಿಗಳೆಲ್ಲ ಹೆದರಿ ಕೂತ್ರು, ಗುಡುಗಿಗೆ ಹೆದರದ ತೆಮುಜಿನ್ ಗೆದ್ದ. ನೋಡೋಕೆ ಅದ್ಭುತ. ಆದ್ರೆ ಹುಲ್ಲುಗಾವಲಿನಲ್ಲಿ ಒಂದು ಯುದ್ಧ ಗೆದ್ದೋರು ಹಿಂದೆಯೂ ಎಷ್ಟೋ ಜನ ಇದ್ರು. ಸೋತವರು ಮುಂದಿನ ಬೇಸಿಗೆಗೆ ಮತ್ತೆ ಕುದುರೆ ಹತ್ತಿ ಬರ್ತಿದ್ರು. ಈ ಸಲ ಬರಲಿಲ್ಲ. ಯಾಕೆ?

ಮೊದಲು ಹೊಡೆದಾಟ ಯಾಕಿತ್ತು ಅಂತ ನೋಡೋಣ. ನಮ್ಮಲ್ಲಿ ಆಸ್ತಿ ಅಂದ್ರೆ ಜಮೀನು. ಅದು ಎದ್ದು ಓಡಿ ಹೋಗಲ್ಲ. ಅಲ್ಲಿ ಆಸ್ತಿ ಅಂದ್ರೆ ಕುರಿ, ಮೇಕೆ, ದನ, ಒಂಟೆ, ಕುದುರೆ. ಇವು ಸಾಯಬಹುದು, ಒಂದೇ ರಾತ್ರಿಯಲ್ಲಿ ಕಳುವಾಗಬಹುದು. ಹುಲ್ಲಿನ ಮೇಲೆ ಹಿಮ ಗಟ್ಟಿಯಾಗಿ ಕೂತು, ಮೇವು ಸಿಗದೆ ಹಿಂಡುಗಟ್ಟಲೆ ಜಾನುವಾರು ಸಾಯೋ ಚಳಿಗಾಲಕ್ಕೆ ಅವರು ‘ಝುದ್’ ಅಂತಾರೆ. ಇದು ಹಳೇ ಕಾಲದ ಮಾತಲ್ಲ, 2009-10ರ ಝುದ್‌ನಲ್ಲಿ ಮಂಗೋಲಿಯಾದಲ್ಲಿ 80 ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತವು. ಇಂಥ ಕಡೆ ನಿನ್ನೆ ಸಾಹುಕಾರ ಆಗಿದ್ದವನು ಇವತ್ತು ಭಿಕಾರಿ. ಪಕ್ಕದವನ ಕುದುರೆ ಹೊಡ್ಕೊಂಡು ಬರೋದು ಬದುಕಿನ ಒಂದು ದಾರಿ. ಅದಕ್ಕೆ ಸೇಡು, ಆ ಸೇಡಿಗೆ ಮತ್ತೊಂದು ಸೇಡು. ಖಾಂಗೈ ಬೆಟ್ಟಗಳ ಹತ್ತಿರ ಲಾವಾ ಬಂಡೆಗಳ ಮೇಲೆ ಬೆಳೆದ ಹಳೇ ಮರಗಳ ಉಂಗುರಗಳನ್ನ ಓದಿ ನೀಲ್ ಪೆಡರ್ಸನ್, ಏಮಿ ಹೆಸ್ಲ್ ಮತ್ತು ಸಂಗಡಿಗರು 2014ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ್ರು. 1180ರ ದಶಕದಲ್ಲಿ ಕೆಟ್ಟ ಬರ, 1211ರಿಂದ 1225ರವರೆಗೆ ಅಪರೂಪದ ಒಳ್ಳೆ ಮಳೆ ಅಂತ ಅದರಲ್ಲಿದೆ. ಅಂದ್ರೆ ನಮ್ಮ ಸಿನಿಮಾದ ಕಥೆ ನಡೆಯೋದು ಬರಗಾಲದಲ್ಲಿ. ತೆರೆ ಮೇಲೆ ಇದು ಕಾಣಲ್ಲ, ಅಲ್ಲಿ ಎಲ್ಲರೂ ಮಾನ-ಅವಮಾನಕ್ಕೇ ಹೊಡೆದಾಡ್ತಾರೆ.

ಮಾನದ ಕಥೆಯೂ ಸುಳ್ಳಲ್ಲ. ತೆಮುಜಿನ್ ತಾಯಿ ಹೊಯೆಲುನ್‌ಳನ್ನ ಅವನ ಅಪ್ಪ ಯೆಸುಗೈ ಮದುವೆ ಆಗಿದ್ದು ಹೇಗೆ ಗೊತ್ತಾ? ಮೆರ್ಕಿತ್ ಬುಡಕಟ್ಟಿನ ಚಿಲೆದು ಹೊಸ ಹೆಂಡತಿಯನ್ನ ಕರ್ಕೊಂಡು ಊರಿಗೆ ಹೋಗ್ತಿದ್ದಾಗ ದಾರಿಯಲ್ಲಿ ಕಿತ್ಕೊಂಡು ಬಂದಿದ್ದು. ಸುಮಾರು ಇಪ್ಪತ್ತು ವರ್ಷ ಆದ್ಮೇಲೆ ಮೆರ್ಕಿತರು ಬಂದು ತೆಮುಜಿನ್ ಹೆಂಡತಿ ಬೋರ್ತೆಯನ್ನ ಹೊತ್ಕೊಂಡು ಹೋದ್ರು. ಲೆಕ್ಕ ಚುಕ್ತಾ. ತೆಮುಜಿನ್ ಅನ್ನೋ ಹೆಸರೇ ಒಂದು ಹಗೆಯ ಗುರುತು. ಅವನು ಹುಟ್ಟೋ ಹೊತ್ತಿಗೆ ಅಪ್ಪ ಒಬ್ಬ ತಾತಾರ್ ನಾಯಕನನ್ನ ಸೆರೆ ಹಿಡಿದು ತಂದಿದ್ದ, ಆ ಸೆರೆಯಾಳಿನ ಹೆಸರು ತೆಮುಜಿನ್. ಅದನ್ನೇ ಮಗನಿಗೆ ಇಟ್ಟ. ಮಗನಿಗೆ ಒಂಬತ್ತು ವರ್ಷ ಆಗಿದ್ದಾಗ ತಾತಾರರು ಯೆಸುಗೈಗೆ ಊಟದಲ್ಲಿ ವಿಷ ಹಾಕಿದ್ರು. ತಾತಾರ್ ಅನ್ನೋ ಹೆಸರು ನೆನಪಿಟ್ಕೊಳ್ಳಿ, ಮುಂದೆ ಬೇಕು.

ಬೋರ್ತೆಯನ್ನ ಬಿಡಿಸಿಕೊಂಡು ಬರೋ ಭಾಗವನ್ನ ಸಿನಿಮಾ ಪೂರ್ತಿ ಜಮುಖಾ ಗೆಳೆತನದ ಮೇಲೆ ನಿಲ್ಲಿಸಿದೆ. ಇಬ್ಬರೂ ‘ಆಂದಾ’ಗಳು, ಅಂದ್ರೆ ಆಣೆ ಇಟ್ಟು ಅಣ್ಣತಮ್ಮಂದಿರಾದವರು. ಆದ್ರೆ ನಿಜವಾಗಿ ಈ ದಾಳಿಯ ದೊಡ್ಡ ಕುಳ ಕೆರೈತ್ ಬುಡಕಟ್ಟಿನ ತೊಗ್ರುಲ್. ಅವನು ಯೆಸುಗೈಗೆ ಆಂದಾ. ಬೋರ್ತೆಯ ಕಡೆಯಿಂದ ಮದುವೆಗೆ ಬಂದಿದ್ದ ಕಪ್ಪು ಸೇಬಲ್ ತುಪ್ಪಳದ ಕೋಟನ್ನ ತೆಮುಜಿನ್ ತಗೊಂಡು ಹೋಗಿ ತೊಗ್ರುಲ್‌ಗೆ ಕೊಟ್ಟು, ನೀವು ನಮ್ಮಪ್ಪನ ಹಾಗೆ ಅಂತ ಕೈಮುಗಿದಿದ್ದ. ಆ ಕೋಟಿನ ಋಣಕ್ಕೆ ಸೈನ್ಯ ಬಂತು. ಸಿನಿಮಾದಲ್ಲಿ ತೊಗ್ರುಲ್ ಇಲ್ಲವೇ ಇಲ್ಲ. ಚಿತ್ರಕಥೆಗೆ ಇದರಿಂದ ಅನುಕೂಲ, ಇಬ್ಬರು ಗೆಳೆಯರು, ಒಬ್ಬಳು ಹೆಂಡತಿ, ನೇರ ಕಥೆ. ಆದ್ರೆ ತೆಮುಜಿನ್ ಎಷ್ಟು ವರ್ಷ ಇನ್ನೊಬ್ಬರ ಕೈಕೆಳಗೆ, ಇನ್ನೊಬ್ಬರ ಕೃಪೆಯಲ್ಲಿ ಇದ್ದ ಅನ್ನೋದು ಕಾಣದೆ ಹೋಗುತ್ತೆ.

ಇದೆಲ್ಲ ನಮಗೆ ಗೊತ್ತಾಗಿದ್ದು ಎಲ್ಲಿಂದ? ‘ಮಂಗೋಲರ ರಹಸ್ಯ ಇತಿಹಾಸ’ ಅನ್ನೋ ಗ್ರಂಥದಿಂದ. ಬರೆದವರು ಯಾರು ಅನ್ನೋದು ತಿಳಿದಿಲ್ಲ. ಬರೆದದ್ದು ಇಲಿ ವರ್ಷದಲ್ಲಿ ಅಂತ ಗ್ರಂಥವೇ ಹೇಳುತ್ತೆ, ಅದು 1228 ಅಂತ ಬಹಳಷ್ಟು ವಿದ್ವಾಂಸರ ಲೆಕ್ಕ. ಅಂದ್ರೆ ಚೆಂಗಿಸ್ ಸತ್ತ ಮರುವರ್ಷ. ಇದು ಉಳಿದುಬಂದ ರೀತಿ ತಮಾಷೆಯಾಗಿದೆ. ಮಂಗೋಲಿಯನ್ ಮಾತನ್ನ ಉಚ್ಚಾರಣೆ ಹಿಡಿದು ಚೀನೀ ಅಕ್ಷರಗಳಲ್ಲಿ ಬರೆದಿಟ್ಟ ಪ್ರತಿ ಅದು. ಮಿಂಗ್ ಕಾಲದಲ್ಲಿ ದುಭಾಷಿಗಳಿಗೆ ಮಂಗೋಲಿಯನ್ ಕಲಿಸೋ ಪಠ್ಯವಾಗಿ ಉಳೀತು. ನಾವು ವಾಟ್ಸಾಪ್‌ನಲ್ಲಿ ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡ್ತೀವಲ್ಲ, ಹಾಗೆ. ನಮ್ಮ ‘ಊಟ ಆಯ್ತಾ’ ಮೆಸೇಜುಗಳೂ 700 ವರ್ಷ ಉಳಿದ್ರೆ ಯಾರಾದ್ರೂ ಪಿಎಚ್‌ಡಿ ಮಾಡಬಹುದು.

ಗೆದ್ದವರ ಮನೆಯಲ್ಲಿ ಹುಟ್ಟಿದ ಗ್ರಂಥ ಅದು, ಹಾಗಂತ ಬರೀ ಹೊಗಳಿಕೆ ಅಲ್ಲ. ಹುಡುಗ ತೆಮುಜಿನ್ ತಮ್ಮ ಖಸರ್ ಜೊತೆ ಸೇರಿ ಮಲತಾಯಿಯ ಮಗ ಬೆಖ್ತರ್‌ನನ್ನ ಬಾಣ ಬಿಟ್ಟು ಕೊಂದದ್ದು ಅದರಲ್ಲಿದೆ. ಜಗಳ ಶುರುವಾಗಿದ್ದು ಒಂದು ಮೀನಿಗೆ, ಒಂದು ಹಕ್ಕಿಗೆ. ಸಿನಿಮಾ ಈ ಘಟನೆಯನ್ನ ಮುಟ್ಟಲ್ಲ. ಗ್ರಂಥದಲ್ಲಿ ದೊಡ್ಡ ಖಾಲಿ ಜಾಗವೂ ಇದೆ. ಸುಮಾರು 1187ರಲ್ಲಿ ದಲನ್ ಬಲ್ಜುತ್ ಅನ್ನೋ ಕಡೆ ಜಮುಖಾ ಕೈಯಲ್ಲಿ ತೆಮುಜಿನ್ ಸೋಲ್ತಾನೆ. ಆಮೇಲೆ ಹತ್ತಿರ ಹತ್ತಿರ ಹತ್ತು ವರ್ಷ ಅವನು ಎಲ್ಲಿದ್ದ, ಏನು ಮಾಡ್ತಿದ್ದ ಅನ್ನೋದಕ್ಕೆ ಒಂದು ಸಾಲೂ ಇಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಆ ದಶಕದ ಲಾಗ್ ಫೈಲೇ ಡಿಲೀಟ್ ಆಗಿದೆ. ಬೊದ್ರೊವ್ ಸಿನಿಮಾ ಶುರುವಾಗೋದೇ ಅಲ್ಲಿಂದ, 1192ರಲ್ಲಿ, ತಂಗುತ್ ರಾಜ್ಯದ ಒಂದು ಪಂಜರದೊಳಗೆ. ತೆಮುಜಿನ್ ಗುಲಾಮನಾಗಿ ಮಾರಾಟವಾಗಿ ಅಲ್ಲಿದ್ದಾನೆ, ಬೋರ್ತೆ ಬಂದು ಬಿಡಿಸ್ತಾಳೆ. ತಂಗುತ್ ಜೈಲು ಕಲ್ಪನೆ. ಆದ್ರೆ ಗುಲಾಮಗಿರಿ ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. 1221ರಲ್ಲಿ ಮಂಗೋಲರ ಬಳಿಗೆ ಬಂದಿದ್ದ ದಕ್ಷಿಣ ಸುಂಗ್ ರಾಜ್ಯದ ದೂತ ಜಾವ್ ಹೊಂಗ್, ತೆಮುಜಿನ್ ಚಿಕ್ಕವನಿದ್ದಾಗ ಜಿನ್ ರಾಜ್ಯದವರ ಕೈಗೆ ಸಿಕ್ಕಿ ಹತ್ತು ವರ್ಷಕ್ಕೂ ಹೆಚ್ಚು ಗುಲಾಮನಾಗಿದ್ದ ಅಂತ ಬರೆದಿದ್ದಾನೆ. ಗೆದ್ದವರು ಬರೆಯೋಕೆ ನಾಚಿಕೊಂಡದ್ದನ್ನ ಹೊರಗಿನವನು ಬರೆದಿರಬಹುದು. ಹಾಗಾಗಿ ಇಲ್ಲಿ ನಿರ್ದೇಶಕನ ಮೇಲೆ ನನಗೆ ಕೋಪ ಇಲ್ಲ. ಬೋರ್ತೆ ಒಬ್ಬ ವ್ಯಾಪಾರಿ ಜೊತೆ ಹೋಗಿ ಗಂಡನನ್ನ ಬಿಡಿಸೋದು ಮಾತ್ರ ಪೂರ್ತಿ ಸಿನಿಮಾದವರದ್ದು.

ಈಗ ಜಮುಖಾ ವಿಷಯ. ಇಬ್ಬರು ಗೆಳೆಯರು ಬೇರೆ ಆಗಿದ್ದು ಯಾಕೆ? ಸಿನಿಮಾದಲ್ಲಿ ಇದಕ್ಕೆ ಒಂದು ಒಳ್ಳೆ ಸೀನ್ ಇದೆ. ತೆಮುಜಿನ್ ಲೂಟಿಯನ್ನ ತನ್ನ ಜನಕ್ಕೆ ಧಾರಾಳವಾಗಿ ಹಂಚ್ತಾನೆ, ಅದನ್ನ ನೋಡಿ ಜಮುಖಾನ ಇಬ್ಬರು ಆಳುಗಳು ಇವನ ಹಿಂದೆ ಬಂದ್ಬಿಡ್ತಾರೆ. ಇಡೀ ಸಿನಿಮಾದಲ್ಲಿ ಇತಿಹಾಸಕ್ಕೆ ಅತಿ ಹತ್ತಿರ ಬರೋ ಜಾಗ ಇದೇ ಅಂತ ನನ್ನ ಅಭಿಪ್ರಾಯ. ಗ್ರಂಥದಲ್ಲಿ ಬೇರೆ ಥರ ಇದೆ. ಬಂಡಿಗಳ ಮುಂದೆ ಇಬ್ಬರೂ ಕುದುರೆ ಮೇಲೆ ಹೋಗ್ತಿದ್ದಾಗ ಜಮುಖಾ ಒಂದು ಒಗಟಿನ ಮಾತಾಡ್ತಾನೆ. ಬೆಟ್ಟದ ಹತ್ತಿರ ಬೀಡುಬಿಟ್ರೆ ಕುದುರೆ ಕಾಯೋರಿಗೆ ಅನುಕೂಲ, ಹೊಳೆ ಹತ್ತಿರ ಬಿಟ್ರೆ ಕುರಿ ಕಾಯೋರಿಗೆ ಅನುಕೂಲ ಅನ್ನೋ ಅರ್ಥ ಬರೋ ಮಾತು. ತೆಮುಜಿನ್‌ಗೆ ಅರ್ಥ ಆಗಲಿಲ್ಲ, ಹಿಂದೆ ಬಂದು ಅಮ್ಮನನ್ನ ಕೇಳಿದ. ಅಮ್ಮ ಬಾಯಿ ತೆರೆಯೋ ಮುಂಚೆ ಬೋರ್ತೆ ಹೇಳಿಬಿಟ್ಟಳು. ಜಮುಖಾಗೆ ಜನ ಬೇಗ ಬೇಜಾರಾಗ್ತಾರೆ, ಈಗ ನಮ್ಮ ಸರದಿ ಬಂದಿದೆ, ಬೀಡು ಬಿಡೋದು ಬೇಡ, ರಾತ್ರಿಯೆಲ್ಲ ನಡೆದುಬಿಡೋಣ. ಹಾಗೇ ಮಾಡಿದ್ರು. ಕುದುರೆ ಇರೋನು ಶ್ರೀಮಂತ, ಕುರಿ ಕಾಯೋನು ಬಡವ. ಇದನ್ನ ಮೇಲ್ಕುಲ-ಕೆಳಕುಲದ ಜಗಳ ಅಂತ ಓದಿದ ರಷ್ಯನ್ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ. ಏನೇ ಇರಲಿ, ಮುಂದೆ ತೆಮುಜಿನ್ ಹಿಂದೆ ನಿಂತವರನ್ನ ನೋಡಿದ್ರೆ ಒಂದು ಗುಣ ಎದ್ದು ಕಾಣುತ್ತೆ. ಸುಬುತೈ ಬಂದಿದ್ದು ಕಮ್ಮಾರಿಕೆ ಗೊತ್ತಿದ್ದ ಮನೆಯಿಂದ. ಮುಖಲಿ ಬೇರೆ ಮನೆತನಕ್ಕೆ ಪಾರಂಪರಿಕವಾಗಿ ದುಡಿಯೋ ಕುಟುಂಬದವನು. ಜೆಬೆ ಅಂತೂ ಶತ್ರು ಪಾಳಯದಲ್ಲಿದ್ದು ತೆಮುಜಿನ್‌ನ ಕುದುರೆಗೆ ಬಾಣ ಹೊಡೆದವನು. ಹೌದು, ನಾನೇ ಹೊಡೆದಿದ್ದು ಅಂತ ಒಪ್ಕೊಂಡಿದ್ದಕ್ಕೆ ಕೆಲಸ ಸಿಕ್ತು, ಅವನ ಹೆಸರಿನ ಅರ್ಥವೇ ಬಾಣ.

1202ರಲ್ಲಿ ತಾತಾರರ ಮೇಲೆ ದಂಡೆತ್ತಿ ಹೋಗೋ ಮುಂಚೆ ತೆಮುಜಿನ್ ಒಂದು ಆಜ್ಞೆ ಹೊರಡಿಸಿದ. ಯುದ್ಧ ಮುಗಿಯೋವರೆಗೂ ಯಾರೂ ಲೂಟಿಗೆ ನಿಲ್ಲೋ ಹಾಗಿಲ್ಲ, ಗೆದ್ದ ಮೇಲೆ ಎಲ್ಲವೂ ಎಲ್ಲರದ್ದು, ಆಮೇಲೆ ಹಂಚಿಕೆ. ಇದು ಸಣ್ಣ ವಿಷಯ ಅಂತ ಕಾಣಬಹುದು. ಆದ್ರೆ ಅಲ್ಲಿಯವರೆಗೆ ಪ್ರತಿ ಕುಲದ ಯಜಮಾನ ತನಗೆ ಸಿಕ್ಕಿದ್ದನ್ನ ತಾನೇ ಇಟ್ಕೊಂಡು ತನ್ನವರಿಗೆ ಕೊಡ್ತಿದ್ದ, ಅವನ ಅಧಿಕಾರ ಇದ್ದದ್ದೇ ಆ ಹಂಚಿಕೆಯಲ್ಲಿ. ಆಜ್ಞೆ ಮುರಿದವರು ಯಾರು ಅಂದ್ರೆ ಅಲ್ತಾನ್, ಖುಚರ್, ದಾರಿತೈ, ಮೂವರೂ ತೆಮುಜಿನ್‌ನ ರಕ್ತ ಸಂಬಂಧಿಗಳು. ದಾರಿತೈ ಸ್ವಂತ ಚಿಕ್ಕಪ್ಪ. ಅವರು ಹೊಡ್ಕೊಂಡಿದ್ದ ಲೂಟಿಯನ್ನ ಕಿತ್ಕೊಂಡು ಬರೋಕೆ ಕಳಿಸಿದವರಲ್ಲಿ ಒಬ್ಬ ಜೆಬೆ, ನಿನ್ನೆ ಮೊನ್ನೆವರೆಗೂ ಶತ್ರು. ಅಲ್ತಾನ್, ಖುಚರ್ ಮುನಿಸಿಕೊಂಡು ಎದುರು ಪಾಳಯ ಸೇರಿದ್ರು. ಬಂಧುಗಳು ಹೋದ್ರು, ಆಜ್ಞೆ ಉಳೀತು.

ಇಲ್ಲಿವರೆಗೆ ಕೇಳೋಕೆ ಚೆನ್ನಾಗಿದೆ ಅಲ್ವಾ? ಹುಟ್ಟು ನೋಡದೆ ಕೆಲಸ ನೋಡೋ ನಾಯಕ. ಮ್ಯಾನೇಜ್‌ಮೆಂಟ್ ಪುಸ್ತಕದವರು, ಮೋಟಿವೇಶನ್ ವಿಡಿಯೋದವರು ಚೆಂಗಿಸ್ ಖಾನ್‌ನನ್ನ ಇಷ್ಟಕ್ಕೇ ನಿಲ್ಲಿಸಿ ಚಪ್ಪಾಳೆ ತಟ್ತಾರೆ. ಅದೇ 1202ರ ಯುದ್ಧ ಮುಗಿದ ಮೇಲೆ ನಡೆದದ್ದು ಇನ್ನೊಂದಿದೆ.

ತಾತಾರರು ಸೋತ್ರು. ತೆಮುಜಿನ್ ತನ್ನ ಮನೆಯವರನ್ನ ಒಂದೇ ಗುಡಾರದಲ್ಲಿ ಸೇರಿಸಿ ಗುಟ್ಟಾಗಿ ಸಭೆ ನಡೆಸಿದ. ಅಪ್ಪನನ್ನ ಕೊಂದವರು, ಏನು ಮಾಡೋಣ? ತೀರ್ಮಾನ ಆಯ್ತು. ಸೆರೆ ಸಿಕ್ಕ ಗಂಡಸರನ್ನ ಬಂಡಿ ಗಾಲಿಯ ಕಡಾಣಿ ಪಕ್ಕ ನಿಲ್ಲಿಸಿ ಅಳೆಯೋದು. ಕಡಾಣಿ ಅಂದ್ರೆ ಗಾಲಿ ಅಚ್ಚಿನಿಂದ ಕಳಚದ ಹಾಗೆ ಹಾಕೋ ಕೀಲು. ಅದಕ್ಕಿಂತ ಎತ್ತರ ಇದ್ದವರನ್ನೆಲ್ಲ ಕೊಲ್ಲೋದು, ಮಿಕ್ಕವರನ್ನ ಹಂಚಿಕೊಳ್ಳೋದು. ಅಚ್ಚಿನ ಎತ್ತರ ಎಷ್ಟಿರುತ್ತೆ ಅಂತ ಹಳ್ಳಿಯಲ್ಲಿ ಎತ್ತಿನ ಗಾಡಿ ನೋಡಿದವರಿಗೆ ಹೇಳಬೇಕಾಗಿಲ್ಲ. ಅದಕ್ಕಿಂತ ಗಿಡ್ಡ ಇರೋರು ಮಕ್ಕಳು ಮಾತ್ರ. ಸಭೆಯಿಂದ ಹೊರಗೆ ಬಂದ ಮಲತಮ್ಮ ಬೆಲ್ಗುತೈ, ಹಿಂದೆ ಕೊಲೆಯಾದ ಬೆಖ್ತರ್‌ನ ಒಡಹುಟ್ಟಿದವನು, ಎದುರಿಗೆ ಸಿಕ್ಕಿ ಕೇಳಿದ ಒಬ್ಬ ತಾತಾರನಿಗೆ ವಿಷಯ ಹೇಳಿಬಿಟ್ಟ. ಸುದ್ದಿ ಹರಡಿತು. ಹೇಗೂ ಸಾಯೋದೇ ಅಂತ ತಾತಾರರು ತೋಳಿನೊಳಗೆ ಚಾಕು ಅಡಗಿಸಿಕೊಂಡು ಬಂದು, ಎಷ್ಟು ಜನರನ್ನ ಆಗುತ್ತೋ ಅಷ್ಟು ಜನರನ್ನ ಜೊತೆಗೆ ಕರ್ಕೊಂಡು ಸತ್ರು. ಬೆಲ್ಗುತೈಗೆ ಆದ ಶಿಕ್ಷೆ ಏನಂದ್ರೆ ಇನ್ನು ಮೇಲೆ ದೊಡ್ಡ ಸಭೆಗಳಿಗೆ ಬರೋ ಹಾಗಿಲ್ಲ, ಹೊರಗೆ ನಿಂತು ಜಗಳ ಬಿಡಿಸು. ಈ ಕಡಾಣಿಯ ದೃಶ್ಯ ಬೊದ್ರೊವ್ ಸಿನಿಮಾದಲ್ಲಿ ಇಲ್ಲ. ಇದ್ದಿದ್ರೆ ಪ್ರೇಕ್ಷಕ ಹೀರೋ ಜೊತೆ ನಿಲ್ತಿರಲಿಲ್ಲ ಅನ್ನೋದು ಒಂದು. ಇನ್ನೊಂದು, ಸೋತವರು ಮತ್ತೆ ಕುದುರೆ ಹತ್ತಿ ಬರಲಿಲ್ಲ ಯಾಕೆ ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಉಳಿದರ್ಧ ಉತ್ತರ 1206ರಲ್ಲಿ, ಓನೊನ್ ನದಿ ಹುಟ್ಟೋ ಜಾಗದಲ್ಲಿ ನಡೆದ ಕುರುಲ್ತೈ ಸಭೆಯಲ್ಲಿ. ಆ ಹೊತ್ತಿಗೆ ಕೆರೈತರೂ ಸೋತಿದ್ರು, ನೈಮನರೂ ಸೋತಿದ್ರು. ಸಿನಿಮಾ ಕೊನೆಯಲ್ಲಿ ಎರಡು ಸಾಲು ಬರಹದಲ್ಲಿ ಇದನ್ನ ಮುಗಿಸುತ್ತೆ, ನಿಜವಾದ ಕಥೆ ಶುರುವಾಗೋದೇ ಇಲ್ಲಿ. ತೆಮುಜಿನ್‌ಗೆ ಚೆಂಗಿಸ್ ಖಾನ್ ಅನ್ನೋ ಪದವಿ ಬಂತು, ಜನರನ್ನೆಲ್ಲ ಹತ್ತು, ನೂರು, ಸಾವಿರದ ಲೆಕ್ಕದಲ್ಲಿ ಜೋಡಿಸಿದ್ರು. ಒಟ್ಟು 95 ಸಾವಿರದ ಘಟಕಗಳು ಅಂತ ಗ್ರಂಥ ಪಟ್ಟಿ ಕೊಡುತ್ತೆ. ದಶಮಾನದ ಪದ್ಧತಿ ಹುಲ್ಲುಗಾವಲಿಗೆ ಹೊಸದಲ್ಲ, ಹೂಣರ ಕಾಲಕ್ಕೂ ಇತ್ತು. ಹೊಸದು ಏನಂದ್ರೆ ಸೋತ ಬುಡಕಟ್ಟುಗಳನ್ನ ಒಡೆದು ಬೇರೆ ಬೇರೆ ಸಾವಿರಗಳಿಗೆ ಚೆಲ್ಲಿಬಿಟ್ಟದ್ದು. ತಾನಾಗಿ ಬಂದು ಸೇರಿದ ಬೋರ್ತೆಯ ತವರು ಒಂಗಿರತ್, ಕಾಡಿನ ಓಯಿರತ್, ಇಂಥವರಿಗೆ ಒಟ್ಟಿಗಿರೋಕೆ ಬಿಟ್ರು. ಸೋತ ಕೆರೈತ, ಮೆರ್ಕಿತ, ಉಳಿದ ತಾತಾರ ಒಂದೇ ಒಲೆಯ ಮುಂದೆ ತನ್ನವರ ಜೊತೆ ಕೂರೋ ಹಾಗಿಲ್ಲ. ಹತ್ತು ಜನರ ಗುಂಪಿಗೆ ಹಾಕಿದ ಮೇಲೆ ಅದೇ ನಿಮ್ಮ ಕುಲ. ಅದನ್ನ ಬಿಟ್ಟು ಬೇರೆ ಘಟಕಕ್ಕೆ ಹೋದ್ರೆ ಮರಣದಂಡನೆ ಅಂತ ಪರ್ಶಿಯನ್ ಇತಿಹಾಸಕಾರ ಜುವೈನಿ ಬರೀತಾನೆ. ನಮ್ಮ ಕಂಪನಿಗಳ ರೀಆರ್ಗ್‌ಗೆ ಬೈಕೊಳ್ಳೋರು ಗಮನಿಸಿ, ಇಲ್ಲಿ ನೋಟಿಸ್ ಪೀರಿಯಡ್ ಅನ್ನೋದೇ ಇರಲಿಲ್ಲ. ಸಾವಿರದ ನಾಯಕರ ಪಟ್ಟಿಯಲ್ಲಿ ಬದಾಯ್, ಕಿಶಿಲಿಕ್ ಅಂತ ಎರಡು ಹೆಸರು ಬರುತ್ತೆ. ಇವರು ಅಲ್ಲಿಯವರೆಗೆ ಇನ್ನೊಬ್ಬರ ಕುದುರೆ ಕಾಯ್ತಿದ್ದವರು. 1203ರಲ್ಲಿ ತೊಗ್ರುಲ್ ಕಡೆಯವರು ತೆಮುಜಿನ್‌ನನ್ನ ಹಿಡಿಯೋಕೆ ಹೊಂಚು ಹಾಕಿದ್ದನ್ನ ಕೇಳಿಸ್ಕೊಂಡು ರಾತ್ರೋರಾತ್ರಿ ಬಂದು ಎಚ್ಚರಿಸಿದವರು.

ಊರು ಬಿಟ್ಟು ಪುಣೆ, ಹೈದರಾಬಾದ್ ಸೇರಿರೋ ನಮಗೆ ಇದರ ಒಂದು ಮುಖ ಆಕರ್ಷಕ. ಯಾವ ಮನೆತನ, ಯಾವ ಜಾತಿ ಅಂತ ಕೇಳದ ಗುಂಪು. ಆದ್ರೆ ಆ ಮುಖವನ್ನ ಕಡಾಣಿಯಿಂದ ಬೇರೆ ಮಾಡಿ ತೆಗೆದಿಡೋಕೆ ಆಗಲ್ಲ. ಕುಲದ ಹಂಗು ಹರಿದದ್ದು, ಕುಲಗಳನ್ನೇ ನಾಶ ಮಾಡಿದ್ದು, ಎರಡನ್ನೂ ಮಾಡಿದ್ದು ಅದೇ ಮನುಷ್ಯ, ನಾಲ್ಕೇ ವರ್ಷದ ಅಂತರದಲ್ಲಿ. ಜಮುಖಾ ಕಾಪಾಡೋಕೆ ಹೊರಟಿದ್ದ ಹಳೇ ವ್ಯವಸ್ಥೆ ಅನ್ಯಾಯದ್ದೇ. ಅವನೂ ಸಂತನಲ್ಲ, ದಲನ್ ಬಲ್ಜುತ್ ಆದಮೇಲೆ ಸೆರೆಯಾಳುಗಳನ್ನ ಎಪ್ಪತ್ತು ಕಡಾಯಿಗಳಲ್ಲಿ ಬೇಯಿಸಿದ ಅಂತ ಗ್ರಂಥ ಆರೋಪ ಹೊರಿಸುತ್ತೆ. ಆದ್ರೂ ಅವನ ಹಳೇ ವ್ಯವಸ್ಥೆಯಲ್ಲಿ ಸೋತ ಬುಡಕಟ್ಟಿಗೆ ಮರುವರ್ಷ ಅನ್ನೋದೊಂದು ಇರ್ತಿತ್ತು.

ಜಮುಖಾ ಕೊನೆಯನ್ನ ಸಿನಿಮಾ ಮೆತ್ತಗೆ ಮಾಡಿದೆ. ತೆಮುಜಿನ್ ಅವನನ್ನ ಬದುಕೋಕೆ ಬಿಟ್ಟುಬಿಡ್ತಾನೆ. ಒಡೆಯನನ್ನ ಕೊಂದು ತಂದ ಆಳುಗಳಿಗೆ ಶಿಕ್ಷೆ ಆಗೋ ದೃಶ್ಯವನ್ನ ತರ್ಗುತೈ ಅನ್ನೋ ಇನ್ನೊಬ್ಬ ಶತ್ರುವಿಗೆ ಕೊಟ್ಟಿದ್ದಾರೆ. ಗ್ರಂಥದಲ್ಲಿ ಅದು ಜಮುಖಾನ ಕಥೆ. ಅವನ ಸ್ವಂತ ಜನ ಅವನನ್ನ ಹಿಡಿದು ತಂದು ಒಪ್ಪಿಸ್ತಾರೆ. ಒಡೆಯನ ಮೇಲೆ ಕೈ ಮಾಡಿದವರನ್ನ ನಂಬೋದು ಹೇಗೆ ಅಂತ ತೆಮುಜಿನ್ ಅವರನ್ನ ಜಮುಖಾ ಕಣ್ಣೆದುರೇ ಕೊಲ್ಲಿಸ್ತಾನೆ. ಆಮೇಲೆ ಮತ್ತೆ ಗೆಳೆಯರಾಗೋಣ ಅಂತಾನೆ. ಜಮುಖಾ ಬೇಡ ಅಂತಾನೆ, ನಾನು ನಿನ್ನ ಕಾಲರ್‌ನಲ್ಲಿ ಹೇನಿನ ಹಾಗೆ, ಬಟ್ಟೆಯಲ್ಲಿ ಮುಳ್ಳಿನ ಹಾಗೆ ಇರ್ತೀನಿ ಅನ್ನೋ ಅರ್ಥದಲ್ಲಿ. ರಕ್ತ ಚೆಲ್ಲದೆ ಕೊಲ್ಲು ಅಂತ ಕೇಳ್ತಾನೆ. ಹಾಗೇ ಆಗುತ್ತೆ. ಸೋತವನಿಗೆ ಇಷ್ಟು ಒಳ್ಳೆ ಮಾತು ಬರೆದುಕೊಟ್ಟ ಆ ಅನಾಮಿಕ ಲೇಖಕನ ಮನಸ್ಸಿನಲ್ಲಿ ಏನಿತ್ತೋ.

ಬೋರ್ತೆ ಕಥೆಯೂ ಸಿನಿಮಾ ಮುಗಿದಲ್ಲಿ ಮುಗಿಯಲ್ಲ. ಮೆರ್ಕಿತರಿಂದ ಬಿಡಿಸಿ ತಂದ ಸ್ವಲ್ಪ ಸಮಯದಲ್ಲೇ ಹುಟ್ಟಿದ ಮಗ ಜೋಚಿ. ಆ ಹೆಸರಿಗೆ ಅತಿಥಿ ಅಂತ ಅರ್ಥ ಹೇಳ್ತಾರೆ. ತೆಮುಜಿನ್ ನನ್ನ ಮಗ ಅಂತ ಒಪ್ಕೊಂಡ, ಸಿನಿಮಾ ಅದನ್ನ ಚೆನ್ನಾಗಿ ತೋರಿಸಿದೆ. ಆದ್ರೆ ಉತ್ತರಾಧಿಕಾರದ ಮಾತು ಬಂದಾಗ ಎರಡನೇ ಮಗ ಚಗತಾಯ್ ಎಲ್ಲರ ಮುಂದೆ ಅಣ್ಣನನ್ನ ಮೆರ್ಕಿತರ ಪಿಂಡ ಅನ್ನೋ ಥರ ಬೈದ, ಇಬ್ಬರೂ ಕೊರಳಪಟ್ಟಿ ಹಿಡ್ಕೊಂಡ್ರು. ಪಟ್ಟ ಕೊನೆಗೆ ಮೂರನೆಯವನು ಒಗೊದೈಗೆ ಹೋಯ್ತು. ಹುಟ್ಟು ನೋಡದ ಸಾಮ್ರಾಜ್ಯದ ಮನೆಯೊಳಗೇ ಹುಟ್ಟಿನ ಪ್ರಶ್ನೆ ಕೂತಿತ್ತು. ಈ ಚಗತಾಯ್ ಪಾಲಿಗೆ ಬಂದ ಮಧ್ಯ ಏಷ್ಯಾದಿಂದಲೇ 1303ರಲ್ಲಿ ತರಘಾಯ್ ದಿಲ್ಲಿಗೆ ಮುತ್ತಿಗೆ ಹಾಕಿದ್ದು. ಅಲಾಉದ್ದೀನ್ ಖಿಲ್ಜಿ ಸಿರಿಯಲ್ಲಿ ಕಂದಕ ತೋಡಿ ಕೂತು ಹೇಗೋ ಬಚಾವಾದ, ಆಮೇಲೆ ಅಲ್ಲೇ ಕೋಟೆ ಕಟ್ಟಿಸಿದ. ದಿಲ್ಲಿಯಲ್ಲಿರೋರು ಸಿರಿ ಫೋರ್ಟ್ ಆಡಿಟೋರಿಯಂಗೆ ಹೋದಾಗ ನೆನಪಿಸ್ಕೊಳ್ಳಿ. ಮಂಗೋಲರನ್ನ ತಡೆಯೋಕೆ ಅವನು ಸಾಕಿದ ದೊಡ್ಡ ಸೈನ್ಯಕ್ಕೆ ದುಡ್ಡು ಬೇಕಿತ್ತು, ದಕ್ಷಿಣದ ದಂಡಯಾತ್ರೆಗಳಿಗೆ ಅದೂ ಒಂದು ಕಾರಣ ಅನ್ನೋ ಇತಿಹಾಸಕಾರರಿದ್ದಾರೆ. 1311ರಲ್ಲಿ ಮಲಿಕ್ ಕಾಫರ್ ನಮ್ಮ ದೋರಸಮುದ್ರದ ಬಾಗಿಲಿಗೆ ಬಂದು ನಿಂತ, ಮೂರನೇ ಬಲ್ಲಾಳ ಆನೆ, ಕುದುರೆ, ಸಂಪತ್ತು ಒಪ್ಪಿಸಿ ರಾಜಿ ಮಾಡ್ಕೊಂಡ.

ಕೊನೆಗೆ ಒಬ್ಬ ತಾತಾರ. ತಾತಾರರ ಒಂದು ಪಾಳಯವನ್ನ ಲೂಟಿ ಮಾಡಿದಾಗ ಮೂಗಿಗೆ ಚಿನ್ನದ ಉಂಗುರ, ಸೇಬಲ್ ಅಂಚಿನ ಅಂಗಿ ಹಾಕಿದ್ದ ಒಂದು ಪುಟ್ಟ ಗಂಡುಮಗು ಸಿಕ್ತು. ಅದನ್ನ ತಂದು ಹೊಯೆಲುನ್ ಮಡಿಲಿಗೆ ಹಾಕಿದ್ರು, ಅವಳು ತನ್ನ ಮಗುವಿನ ಹಾಗೆ ಸಾಕಿದಳು. ಹೆಸರು ಶಿಗಿ ಖುತುಖು. ಓದು ಬರಹ ಕಲಿತ. 1206ರ ಕುರುಲ್ತೈಯಲ್ಲಿ ಚೆಂಗಿಸ್ ಖಾನ್ ಇವನನ್ನ ಸಾಮ್ರಾಜ್ಯದ ಮುಖ್ಯ ನ್ಯಾಯಾಧೀಶನಾಗಿ ನೇಮಿಸಿದ. ಕಳ್ಳತನಕ್ಕೆ ಶಿಕ್ಷೆ ಕೊಡೋದು, ಸುಳ್ಳು ಹೇಳಿದವರನ್ನ ವಿಚಾರಿಸೋದು, ಯಾವ ಜನ ಯಾರ ಪಾಲಿಗೆ ಹಂಚಿಕೆ ಆದ್ರು ಅನ್ನೋದನ್ನ ನೀಲಿ ಪುಸ್ತಕದಲ್ಲಿ ಬರೆದಿಡೋದು ಅವನ ಕೆಲಸ. ಅವನು ಬರೆದದ್ದನ್ನ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಯಾರೂ ತಿದ್ದೋ ಹಾಗಿಲ್ಲ ಅಂತ ಆಜ್ಞೆ ಆಯ್ತು. ಕಡಾಣಿಗಿಂತ ಗಿಡ್ಡ ಇದ್ದದ್ದಕ್ಕೆ ಉಳಿದ ತಾತಾರ ಮಕ್ಕಳು ಬೆಳೆದು ದೊಡ್ಡವರಾಗಿ ಯಾವ ಸಾವಿರಕ್ಕೆ ಸೇರಿದ್ರು ಅನ್ನೋದನ್ನೂ ಆ ಪುಸ್ತಕದಲ್ಲಿ ಬರೆಯಬೇಕಾದವನು ಅವನೇ.